ಒಂಬತ್ತು ಅಂಗುಲದ ಭೂಗೋಳ

ಭೂಗೋಳವೆಂದರೆ ಬೆಟ್ಟ, ಹೊಳೆ, ಮಳೆ, ಬೆಳೆ ಎಂದು ಶಾಲೆಯ ಪುಸ್ತಕ ಹೇಳುತ್ತದೆ. ಅದು ಸುಳ್ಳಲ್ಲ, ಆದರೆ ಅಷ್ಟೇ ಅಲ್ಲ. ಯಾರ ಮನೆ ಎಲ್ಲಿದೆ, ಆ ಮನೆಯಿಂದ ಪೇಟೆಗೆ ಹೋಗುವ ದಾರಿ ಯಾವುದು, ಆ ದಾರಿಯನ್ನು ಮುಚ್ಚುವ ಹಕ್ಕು ಯಾರ ಕೈಯಲ್ಲಿದೆ, ಆ ಮನೆಯವರ ಓಟು ಯಾವ ಪೆಟ್ಟಿಗೆಗೆ ಬೀಳುತ್ತದೆ, ಇವೂ ಭೂಗೋಳವೇ. ಈ ಎರಡನೆಯ ಭೂಗೋಳವನ್ನು ಪ್ರಕೃತಿ ಮಾಡಲಿಲ್ಲ. ಮನುಷ್ಯರು ಮಾಡಿದರು, ಅದರಲ್ಲಿಯೂ ಉಳ್ಳವರು ಮಾಡಿದರು. ಆದುದರಿಂದ ಅದನ್ನು ಓದುವುದೂ ತಿದ್ದುವುದೂ ಸಮಾಜವಾದಿಗಳ ಕೆಲಸ ಎಂದು ನಾವು ತಿಳಿದಿದ್ದೇವೆ.

ಈ ವಾರ ವಾಚಕರ ಮುಂದೆ ಇಂಗ್ಲೆಂಡಿನ ಆಕ್ಸ್‌ಫರ್ಡ್ ನಗರದ ಒಂದು ವಾರ್ಡಿನ ನಕ್ಷೆಯನ್ನು ಬಿಡಿಸಿ ಇಡುತ್ತೇವೆ. ವಾರ್ಡಿನ ಹೆಸರು ಕಟ್ಸ್‌ಲೋ ಮತ್ತು ಸನ್ನಿಮೀಡ್. ಆಕ್ಸ್‌ಫರ್ಡ್ ಎಂದೊಡನೆ ನಮ್ಮ ವಿದ್ಯಾವಂತರ ಕಣ್ಣೆದುರು ಕಾಲೇಜುಗಳ ಗೋಪುರಗಳು ನಿಲ್ಲುತ್ತವೆ. ಈ ವಾರ್ಡು ಆ ಗೋಪುರಗಳಿಂದ ದೂರ, ನಗರದ ಉತ್ತರದ ಅಂಚಿನಲ್ಲಿದೆ. ಇಲ್ಲಿರುವುದು ಸಾಲುಮನೆಗಳು, ಜೋಡಿಮನೆಗಳು, ಅವುಗಳ ನಡುವಣ ಬೀದಿಗಳು. ಪಶ್ಚಿಮದ ಕಡೆಗೆ ಊರ ನಡುವಿನಿಂದ ಹೊರಟು ಉತ್ತರಕ್ಕೆ ಓಡುವ ಬ್ಯಾನ್‌ಬರಿ ರಸ್ತೆ. ಪೂರ್ವದ ಕಡೆಗೆ ಚರ್ವೆಲ್ ನದಿಯ ತಗ್ಗಿನ ಹುಲ್ಲುಗಾವಲು. ನಡುವೆ ಅಡ್ಡಲಾಗಿ ಸೀಳಿಕೊಂಡು ಹೋಗುವ ನಗರದ ಹೊರಸುತ್ತು ರಸ್ತೆ. ಆ ರಸ್ತೆಯಾಚೆ ಕಟ್ಸ್‌ಲೋ ಉದ್ಯಾನ. ಆಕ್ಸ್‌ಫರ್ಡ್ ನಗರಸಭೆಗೆ 48 ಸದಸ್ಯರು, 24 ವಾರ್ಡುಗಳು, ವಾರ್ಡಿಗೆ ಇಬ್ಬರು. 2021ರಲ್ಲಿ ಜಾರಿಗೆ ಬಂದ ಹೊಸ ವಿಂಗಡಣೆಯಲ್ಲಿ ಈ ವಾರ್ಡು ಈ ಹೆಸರನ್ನು ಪಡೆಯಿತು.

ನಕ್ಷೆಯನ್ನು ಮೇಲಿಂದ ನೋಡಿದರೆ ಇದರಲ್ಲಿ ವಿಶೇಷವೇನೂ ಕಾಣದು. ಆದರೆ ಬೀದಿಗಳ ಹೆಸರನ್ನು ಬೆರಳಿಟ್ಟು ಓದಿರಿ. ಬ್ಯಾನ್‌ಬರಿ ರಸ್ತೆಯ ಕಡೆಯಿಂದ ಪೂರ್ವಕ್ಕೆ ಬರುವ ವೆಂಟ್‌ವರ್ತ್ ರಸ್ತೆ ಅರ್ಧ ದಾರಿಯಲ್ಲಿ ಇದ್ದಕ್ಕಿದ್ದಂತೆ ಆಲ್ಡ್ರಿಚ್ ರಸ್ತೆಯಾಗುತ್ತದೆ. ಪಕ್ಕದ ಕಾರ್ಲ್‌ಟನ್ ರಸ್ತೆ ಹಾಗೆಯೇ ವುಲ್ಸಿ ರಸ್ತೆಯಾಗುತ್ತದೆ. ತಿರುವಿಲ್ಲ, ಚೌಕವಿಲ್ಲ, ಹಳ್ಳವಿಲ್ಲ. ನೇರವಾಗಿ ಹೋಗುವ ಒಂದೇ ಬೀದಿಗೆ ಎರಡು ಹೆಸರು ಏಕೆ? ಉತ್ತರಕ್ಕೆ 1934ನೆಯ ಇಸವಿಗೆ ಹೋಗಬೇಕು.

ಆ ಕಾಲಕ್ಕೆ ಆಕ್ಸ್‌ಫರ್ಡ್ ಪಂಡಿತರ ಊರಾಗಿ ಮಾತ್ರ ಉಳಿದಿರಲಿಲ್ಲ. ವಿಲಿಯಂ ಮಾರಿಸನ ಮೋಟಾರು ಕಾರ್ಖಾನೆ ಕೌಲಿಯಲ್ಲಿ ಬೆಳೆದಿತ್ತು. ಕಲ್ಲಿದ್ದಲ ಗಣಿ ಮುಚ್ಚಿದ ದಕ್ಷಿಣ ವೇಲ್ಸಿನಿಂದ ಕೆಲಸ ಹುಡುಕಿಕೊಂಡು ಕೂಲಿಗಾರರು ಬಂದಿದ್ದರು. 1929ರಲ್ಲಿ ನಗರದ ಗಡಿ ಹಿಗ್ಗಿ ಕೌಲಿ, ಹೆಡಿಂಗ್ಟನ್, ವುಲ್ವರ್‌ಕೋಟ್ ಗ್ರಾಮಗಳು ಒಳಗೆ ಸೇರಿದ್ದವು. ಮನೆಗಳ ಅಭಾವ ತೀವ್ರವಾಗಿತ್ತು. ನಗರಸಭೆಯು ಕಟ್ಸ್‌ಲೋದಲ್ಲಿ ತನಗಿದ್ದ ಭೂಮಿಯ ಒಂದು ಭಾಗದಲ್ಲಿ ಬಾಡಿಗೆಯ ಮನೆಗಳನ್ನು ಕಟ್ಟಿಸಿತು. ಇನ್ನೊಂದು ಭಾಗವನ್ನು ಅರ್ಬನ್ ಹೌಸಿಂಗ್ ಕಂಪನಿ ಎಂಬ ಖಾಸಗಿ ಸಂಸ್ಥೆಗೆ ಮಾರಿತು. ಕಂಪನಿಯ ಮನೆಗಳು ಬ್ಯಾನ್‌ಬರಿ ರಸ್ತೆಯ ಕಡೆಗೆ; ನಗರಸಭೆಯ ಮನೆಗಳು ಅವುಗಳ ಬೆನ್ನಿಗೆ. ಇಲ್ಲಿಯೇ ಭೂಗೋಳವು ರಾಜಕೀಯವಾಯಿತು. ಹಿಂದಿನ ಮನೆಗಳವರು ಅಂಗಡಿಗೋ ಬಸ್ಸಿಗೋ ಹೋಗಬೇಕಾದರೆ ಮುಂದಿನ ಮನೆಗಳವರ ಬೀದಿಯಲ್ಲಿ ಹಾದು ಹೋಗಬೇಕು.

ಕಂಪನಿ ಇದನ್ನು ಸಹಿಸಲಿಲ್ಲ. 1934ರ ಡಿಸೆಂಬರಿನಲ್ಲಿ ಎರಡೂ ಬೀದಿಗಳಿಗೆ ಅಡ್ಡಲಾಗಿ ಇಟ್ಟಿಗೆಯ ಗೋಡೆ ಎಬ್ಬಿಸಿತು. ಎರಡು ಮೀಟರಿಗೂ ಹೆಚ್ಚು ಎತ್ತರ. ಮೇಲೆ ಕಬ್ಬಿಣದ ಮೊಳೆಗಳು. ಕೊಳೆಗೇರಿಯಿಂದ ಎಬ್ಬಿಸಿದ ಕುಟುಂಬಗಳನ್ನು ನಗರಸಭೆ ಅಲ್ಲಿ ತಂದಿಟ್ಟಿದೆ, ನಮ್ಮ ಮನೆಗಳ ಬೆಲೆ ಬಿದ್ದುಹೋಗುತ್ತದೆ, ಇದು ಕಂಪನಿಯ ವಾದ. ಅಂತಹ ಕುಟುಂಬಗಳಿದ್ದದ್ದು ಕೆಲವೇ. ಉಳಿದವರೆಲ್ಲ ದುಡಿದು ಬಾಡಿಗೆ ತೆರುವ ಸಾಮಾನ್ಯ ಸಂಸಾರಸ್ಥರು. ಎಲ್ಲರೂ ಕೊಳೆಗೇರಿಯವರೇ ಆಗಿದ್ದರೂ ಗೋಡೆ ನ್ಯಾಯವಾಗುತ್ತಿತ್ತೇ? ಎದುರಿಗೇ ಕಾಣುವ ಅಂಗಡಿಗೆ ಹೆಂಗಸರು ಕೂಸುಗಳನ್ನು ಕಟ್ಟಿಕೊಂಡು ಬಹುದೂರ ಬಳಸಿ ನಡೆಯಬೇಕಾಯಿತು. ದಾರಿಯ ಉದ್ದಕ್ಕಿಂತ ಅದರ ಅರ್ಥ ದೊಡ್ಡದು. ನಿನ್ನ ನೆರಳೂ ನಮ್ಮ ಬೀದಿಗೆ ಬೀಳಬಾರದೆಂದು ಇಟ್ಟಿಗೆಯಲ್ಲಿ ಬರೆದಂತಾಯಿತು. ನೆರಳಿನ ಮಾತು ನಮ್ಮ ನಾಡಿನವರಿಗೆ ಬಿಡಿಸಿ ಹೇಳಬೇಕಾದದ್ದಲ್ಲ.

ಜನ ಸುಮ್ಮನಿರಲಿಲ್ಲ. 1935ರ ಮೇ ತಿಂಗಳಲ್ಲಿ ಏಬ್ರಹಾಂ ಲಾಜರಸ್ ಎಂಬ ಕಮ್ಯೂನಿಸ್ಟ್ ಕಾರ್ಯಕರ್ತನ ಮುಂದಾಳುತನದಲ್ಲಿ ದೊಡ್ಡ ಗುಂಪು ಗೋಡೆ ಕೆಡವಲು ಹೊರಟಿತು. ಹಿಂದಿನ ವರ್ಷ ಪ್ರೆಸ್ಡ್ ಸ್ಟೀಲ್ ಕಾರ್ಖಾನೆಯ ಮುಷ್ಕರದಲ್ಲಿ ಕೆಲಸಗಾರರನ್ನು ಒಗ್ಗೂಡಿಸಿದವನು ಈತನೇ. ಪೊಲೀಸರು ಅಡ್ಡ ನಿಂತು ತಡೆದರು. 1938ರಲ್ಲಿ ನಗರಸಭೆಯೇ ರೋಡ್ ರೋಲರು ನುಗ್ಗಿಸಿ ಗೋಡೆಗಳನ್ನು ಕೆಡವಿತು. ಕಂಪನಿ ನ್ಯಾಯಾಲಯಕ್ಕೆ ಹೋಯಿತು, ನಗರಸಭೆ ಸೋತಿತು, ಗೋಡೆ ಮತ್ತೆ ಎದ್ದಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯದ ಟ್ಯಾಂಕೊಂದು ಕವಾಯತಿನಲ್ಲಿ ಗೋಡೆಗೆ ಗುದ್ದಿ ಉರುಳಿಸಿತು. ಅದನ್ನೂ ಮತ್ತೆ ಕಟ್ಟಿದರು. ಹಿಟ್ಲರನ ವಿರುದ್ಧ ಒಂದಾಗಿ ಹೋರಾಡುತ್ತಿದ್ದ ರಾಷ್ಟ್ರಕ್ಕೆ ಆ ಗೋಡೆಯನ್ನು ದುರಸ್ತಿ ಮಾಡಲು ಪುರುಸೊತ್ತು ಇತ್ತೆಂಬುದನ್ನು ವಾಚಕರು ಗಮನಿಸಬೇಕು. ಕೊನೆಗೆ ಗೋಡೆ ನಿಂತಿದ್ದ ಒಂಬತ್ತು ಅಂಗುಲ ಅಗಲದ ನೆಲವನ್ನು ನಗರಸಭೆ 1000 ಪೌಂಡು ಕೊಟ್ಟು ಕೊಂಡಿತು. 1959ರ ಮಾರ್ಚ್ 9ರಂದು ಗೋಡೆಗಳು ಬಿದ್ದವು.

ಇಪ್ಪತ್ತನಾಲ್ಕು ವರ್ಷಗಳಿಗೂ ಮೇಲ್ಪಟ್ಟ ಕಾಲ! ಇಂಗ್ಲೆಂಡಿನಲ್ಲಿ ಇಪ್ಪತ್ತೊಂದು ತುಂಬಿದ ಗಂಡು ಹೆಣ್ಣುಗಳಿಗೆಲ್ಲ ಪಾರ್ಲಿಮೆಂಟಿನ ಓಟು ಬಂದದ್ದು 1928ರಲ್ಲಿ. ಎಂದರೆ ಗೋಡೆಯ ಹಿಂದಿದ್ದ ವಯಸ್ಕರ ಕೈಯಲ್ಲಿ ಓಟಿತ್ತು. ನಡೆಯಲು ದಾರಿ ಇರಲಿಲ್ಲ. ಊರು ಆರಿಸಿದ ಸಭೆ ಒಂದು ಕಡೆ, ಒಂಬತ್ತು ಅಂಗುಲದ ಒಡೆತನ ಇನ್ನೊಂದು ಕಡೆ. ತಕ್ಕಡಿಯಲ್ಲಿ ತೂಗಿದಾಗ ಕಾಲು ಶತಮಾನ ಒಡೆತನವೇ ಭಾರವಾಯಿತು. ಅದೇ ನಗರದ ವಿಶ್ವವಿದ್ಯಾಲಯಕ್ಕೋ, 1950ರವರೆಗೆ ಪಾರ್ಲಿಮೆಂಟಿನಲ್ಲಿ ತನ್ನದೇ ಎರಡು ಸ್ಥಾನಗಳಿದ್ದವು. ನಗರಸಭೆಯಲ್ಲಿ 1974ರವರೆಗೂ ಅದು ತನ್ನ ಸದಸ್ಯರನ್ನು ಕೂರಿಸುತ್ತಿತ್ತು. ಪಂಡಿತರಿಗೆ ವಾರ್ಡಿನ ಗೆರೆಯೇ ಬೇಕಿರಲಿಲ್ಲ. ಗೆರೆ ಇದ್ದದ್ದು ಬಡವರಿಗೆ.

"ಕೊನೆಗೆ ಎಲ್ಲವೂ ಕಾಯಿದೆಯ ಪ್ರಕಾರ ಸರಿಹೋಯಿತಲ್ಲ, ತಾಳ್ಮೆಯೇ ಪ್ರಜಾಪ್ರಭುತ್ವದ ಗುಣವಲ್ಲವೇ?" ಎಂದು ಕೆಲವು ಸಭ್ಯರು ಕೇಳಬಹುದು. ತಾಳ್ಮೆ ಒಳ್ಳೆಯ ಗುಣವೇ. ಆದರೆ ಆ ತಾಳ್ಮೆಯನ್ನು ಯಾರಿಂದ ಕೇಳಲಾಯಿತು? ಗೋಡೆ ಕಟ್ಟಿದ ಕಂಪನಿಯನ್ನು ತಾಳಿಕೋ ಎಂದು ಯಾರೂ ಕೇಳಲಿಲ್ಲ. ಗೋಡೆ ಏಳುವ ವರ್ಷ ಅದರ ಹಿಂದೆ ಹುಟ್ಟಿದ ಮಗು ಅದು ಬೀಳುವ ಹೊತ್ತಿಗೆ ತಾನೇ ಮಕ್ಕಳೊಂದಿಗ ಆಗಿರಬಹುದು. ಸಾರ್ವಜನಿಕರ ದಾರಿ ಖಾಸಗಿ ನೆಲವಾಗುವ ಹಾಗೆ ಭೂಮಿಯನ್ನು ಮಾರಿದ ದಿನವೇ ನಗರಸಭೆ ಸೋತಿತ್ತು. ಮಾರುವಾಗ ಪತ್ರದಲ್ಲಿ ಒಂದು ಸಾಲು ಬಿಗಿಯಾಗಿ ಬರೆಸಿದ್ದರೆ ಮುಷ್ಕರವೂ ಬೇಡ, ಮೊಕದ್ದಮೆಯೂ ಬೇಡ, ಸಾವಿರ ಪೌಂಡೂ ಬೇಡವಾಗಿತ್ತು.

ಈಗ ಗೋಡೆ ಇಲ್ಲ. ಇಲ್ಲಿ ಗೋಡೆ ಇತ್ತು ಎಂದು ಹೇಳುವ ಫಲಕವೊಂದನ್ನು 2006ರಲ್ಲಿ ಹಾಕಿದ್ದಾರೆ. 1980ರ ವಸತಿ ಕಾಯಿದೆ ಬಂದ ಮೇಲೆ ನಗರಸಭೆಗಳ ಬಾಡಿಗೆದಾರರು ತಾವಿದ್ದ ಮನೆಗಳನ್ನು ಕೊಳ್ಳುವ ಹಕ್ಕು ಪಡೆದರು. ಗೆರೆಯ ಆಚೆ ಎಲ್ಲರೂ ಬಾಡಿಗೆದಾರರು ಎಂಬ ಹಳೆಯ ಲೆಕ್ಕವೂ ಸಡಿಲಾಯಿತು. ಆದರೆ ಬೀದಿಗಳ ಎರಡೆರಡು ಹೆಸರು ಉಳಿದವು. ಹೆಸರು ಉಳಿದರೆ ಏನಂತೆ ಎನ್ನಬೇಡಿರಿ. 2018ರಲ್ಲಿ ರಸ್ತೆಗೆ ಹೊಸ ಡಾಂಬರು ಹಾಕಲು ಬಂದವರು ವೆಂಟ್‌ವರ್ತ್ ರಸ್ತೆಯನ್ನು ಮುಗಿಸಿ, ಗೋಡೆ ಇದ್ದ ಜಾಗದಲ್ಲೇ ಕೆಲಸ ನಿಲ್ಲಿಸಿದರು. ಆಚೆಯದು ಕಾಗದದಲ್ಲಿ ಬೇರೆ ರಸ್ತೆ. ಜನ ಹಳೆಯ ಗೋಡೆಯನ್ನು ನೆನೆದು ಕೂಗಾಡಿದ್ದು ಸಹಜ. ಅಧಿಕಾರಿಗಳಲ್ಲಿ ದುರುದ್ದೇಶವಿತ್ತೆಂದು ನಾವು ಹೇಳುವುದಿಲ್ಲ. ದುರುದ್ದೇಶವಿಲ್ಲದೆಯೂ ಗೋಡೆ ತನ್ನ ಕೆಲಸ ಮಾಡಬಲ್ಲದು ಎಂಬುದೇ ಇಲ್ಲಿಯ ಪಾಠ. ಇಟ್ಟಿಗೆ ಹೋದ ಮೇಲೆ ಅದು ದಫ್ತರದಲ್ಲಿ ವಾಸ ಮಾಡುತ್ತದೆ.

ಇನ್ನು ವಾರ್ಡಿನ ಪ್ರಶ್ನೆಗೆ ಬರೋಣ. ಇಂಗ್ಲೆಂಡಿನಲ್ಲಿ ವಾರ್ಡಿನ ಗೆರೆ ಎಳೆಯಲು ಸ್ವತಂತ್ರವಾದ ಗಡಿ ಆಯೋಗವಿದೆ. ಅದು ನೋಡಬೇಕಾದ ಅಂಶಗಳು ಮೂರು: ಒಬ್ಬೊಬ್ಬ ಸದಸ್ಯನ ಪಾಲಿಗೆ ಬರುವ ಮತದಾರರ ಸಂಖ್ಯೆ ಆದಷ್ಟು ಸಮನಾಗಿರಬೇಕು, ವಾರ್ಡು ಅಲ್ಲಿಯ ಜನರ ಒಡನಾಟವನ್ನು ಬಿಂಬಿಸಬೇಕು, ಆಡಳಿತ ಸುಗಮವಾಗಬೇಕು. ಮೊದಲನೆಯದನ್ನು ಎಣಿಸಬಹುದು. ಎರಡನೆಯದರಲ್ಲಿಯೇ ತೊಡಕು. ಕಟ್ಸ್‌ಲೋದಂತಹ ಕಡೆ ಒಡನಾಟವೆಂದರೆ ಯಾವುದು? ಗೋಡೆಯ ಈಚೆಯವರದು ಒಂದು, ಆಚೆಯವರದು ಇನ್ನೊಂದು ಎಂದು ಎಣಿಸಿದರೆ ಕಂಪನಿ ಇಟ್ಟಿಗೆಯಲ್ಲಿ ಮಾಡಿದ್ದನ್ನು ಆಯೋಗ ಶಾಯಿಯಲ್ಲಿ ಮಾಡಿದಂತಾಗುತ್ತದೆ. ಇಂದಿನ ವಾರ್ಡು ಹಾಗೆ ಮಾಡಿಲ್ಲ; ಹಳೆಯ ಗೋಡೆಯ ಎರಡು ಕಡೆಯವರೂ ಒಂದೇ ವಾರ್ಡಿನ ಮತದಾರರು.

ನಮ್ಮ ಗೆಳೆಯರಲ್ಲಿಯೇ ಕೆಲವರು ಇದಕ್ಕೆ ತಕರಾರು ತೆಗೆಯುತ್ತಾರೆ. ಬಡವರನ್ನು ಉಳ್ಳವರೊಡನೆ ಬೆರೆಸಿದರೆ ಬಡವರ ದನಿ ಮುಳುಗುತ್ತದೆ. ದುಡಿಯುವವರದೇ ಒಂದು ವಾರ್ಡು ಮಾಡಿದರೆ ಅವರ ಪ್ರತಿನಿಧಿ ಖಚಿತವಾಗಿ ಬರುತ್ತಾನೆ ಎಂಬುದು ಅವರ ವಾದ. ಇದು ತಳ್ಳಿಹಾಕುವಂತಹ ವಾದವಲ್ಲ. ಉಳ್ಳವರು ಮತದಾನಕ್ಕೆ ತಪ್ಪದೆ ಬರುತ್ತಾರೆ, ಅರ್ಜಿ ಬರೆಯಬಲ್ಲರು, ಕಚೇರಿಯ ಬಾಗಿಲು ಬಲ್ಲರು. ಬೆರೆತ ವಾರ್ಡಿನಲ್ಲಿ ಸಂಘಟನೆ ಇಲ್ಲದ ಬಡವನು ಎಣಿಕೆಗೆ ಮಾತ್ರ ಇರುತ್ತಾನೆ. ಆದರೂ ನಮ್ಮ ಅಭಿಪ್ರಾಯ ಬೆರೆತ ವಾರ್ಡಿನ ಪರವಾಗಿದೆ. ಬೇರೆ ಮಾಡಿದ ವಾರ್ಡಿನಲ್ಲಿ ಬಡವರಿಗೆ ಒಬ್ಬ ಸದಸ್ಯ ದೊರೆಯುತ್ತಾನೆ, ನಿಜ. ಆದರೆ ಉಳಿದ ಸದಸ್ಯರೆಲ್ಲರಿಗೂ ಬಡವರ ಬೀದಿಯನ್ನು ಮರೆಯಲು ಪರವಾನಗಿ ದೊರೆಯುತ್ತದೆ. ಬೆರೆತ ವಾರ್ಡಿನ ಸದಸ್ಯನು ಆಲ್ಡ್ರಿಚ್ ರಸ್ತೆಯ ಬಾಗಿಲನ್ನೂ ತಟ್ಟಬೇಕು, ವೆಂಟ್‌ವರ್ತ್ ರಸ್ತೆಯ ಬಾಗಿಲನ್ನೂ ತಟ್ಟಬೇಕು. ಒಂದು ಕಡೆ ಹೇಳಿದ್ದನ್ನು ಇನ್ನೊಂದು ಕಡೆ ನುಂಗಿಕೊಳ್ಳಲು ಆಗದು. ಆದರೆ ಬೆರೆಸುವುದು ಕೆಲಸದ ಆರಂಭ, ಮುಕ್ತಾಯವಲ್ಲ. ಗೆರೆ ಅಳಿಸಿದ ಮೇಲೆ ಬಾಗಿಲು ತಟ್ಟುವ ಕಾರ್ಯಕರ್ತರು ಬೇಕು.

ಇನ್ನೊಂದು ಮಾತು. ವಾರ್ಡಿನವರು ಆರಿಸಿದ ನಗರಸಭಾ ಸದಸ್ಯನ ಕೈಯಲ್ಲಿ ಎಲ್ಲವೂ ಇಲ್ಲ. 1974ರ ಪುನರ್ರಚನೆಯಿಂದ ಆಕ್ಸ್‌ಫರ್ಡಿನ ರಸ್ತೆಗಳು ಕೌಂಟಿ ಸಭೆಯ ಪಾಲಿಗೆ ಹೋದವು. ಬಾಡಿಗೆ ಮನೆಗಳು ನಗರಸಭೆಯ ಪಾಲಿನಲ್ಲಿ ಉಳಿದವು. 2018ರ ಡಾಂಬರು ಹಾಕಿಸಿದ್ದು ಕೌಂಟಿ. ಅಂದಮೇಲೆ ಮನೆಯ ಸೋರಿಕೆಗೆ ಒಂದು ಕಚೇರಿ, ಬಾಗಿಲ ಮುಂದಿನ ಗುಂಡಿಗೆ ಇನ್ನೊಂದು ಕಚೇರಿ. ಓಟಿನ ಗೆರೆ ಒಂದು ಕಡೆ, ಹಣದ ಗೆರೆ ಇನ್ನೊಂದು ಕಡೆ ಇದ್ದರೆ ಮತದಾರ ಯಾರನ್ನು ಹಿಡಿದು ಕೇಳಬೇಕು?

ವಾರ್ಡು ಎಂಬ ಮಾತು ನಮ್ಮ ಊರುಗಳಿಗೆ ಬಂದದ್ದು ಇಂಗ್ಲಿಷರ ಆಡಳಿತದಿಂದಲೇ. 1882ರ ಲಾರ್ಡ್ ರಿಪ್ಪನ್ನನ ನಿರ್ಣಯದ ನಂತರ ಅದು ನಮ್ಮ ಪುರಸಭೆಗಳಲ್ಲಿ ಬೇರೂರಿತು. ಮಾತು ಬಂದಲ್ಲಿಂದ ಅದರ ಪಾಠವೂ ಬರಲಿ. ನಮ್ಮ ಊರಿನ ವಾರ್ಡುಗಳ ಕರಡು ಪ್ರಕಟವಾದಾಗ ಆಕ್ಷೇಪಣೆಗೆ ಕೊಡುವ ಗಡುವು ಕೆಲವೇ ದಿನಗಳದು. ಆ ದಿನಗಳಲ್ಲಿ ಕಾರ್ಯಕರ್ತರು ಮೂರು ಕೆಲಸ ಮಾಡಬೇಕು. ಕರಡಿನ ಪ್ರತಿ ತಂದು ಬೀದಿ ಬೀದಿ ನಡೆದು ಗೆರೆ ಎಲ್ಲಿ ಹಾದುಹೋಗಿದೆ ನೋಡಬೇಕು. ಗೆರೆಯ ಎರಡು ಕಡೆ ನೀರು, ದೀಪ, ಚರಂಡಿ ಹೇಗಿದೆ ಎಂದು ಬರೆದುಕೊಳ್ಳಬೇಕು. ಆಕ್ಷೇಪಣೆಯನ್ನು ಗಡುವಿನೊಳಗೆ, ಆ ಬೀದಿಯವರ ಸಹಿಯೊಂದಿಗೆ ಕೊಟ್ಟು, ಕೊಟ್ಟದ್ದಕ್ಕೆ ರಸೀದಿ ಪಡೆಯಬೇಕು. ಹಾಗೆಯೇ ಪುರಸಭೆಯ ನೆಲ ಯಾವುದಾದರೂ ಮಾರಾಟಕ್ಕೆ ಬಂದರೆ, ಅದರಲ್ಲಿ ಜನ ನಡೆಯುವ ದಾರಿ ಇದೆಯೇ ಎಂದು ಮೊದಲು ಕೇಳಬೇಕು. ಕಟ್ಸ್‌ಲೋದವರು ಕಾಲು ಶತಮಾನ ಬಳಸಿ ನಡೆದದ್ದು ಆ ಒಂದು ಪ್ರಶ್ನೆಯನ್ನು ಸಕಾಲದಲ್ಲಿ ಕೇಳುವವರಿಲ್ಲದೆ.