ಸೇದ್ತೀರಾ, ಸೇದ್ತಿದ್ರಾ?

ಕಳೆದ ತಿಂಗಳು ಆಫೀಸಿನವರು ಕೊಡಿಸುವ ವಾರ್ಷಿಕ ಹೆಲ್ತ್ ಚೆಕಪ್‌ಗೆ ಹೋಗಿದ್ದೆ. ಬೆಳಗ್ಗೆಯಿಂದ ಖಾಲಿ ಹೊಟ್ಟೆ, ರಕ್ತ ತೆಗೆದ ಜಾಗಕ್ಕೆ ಹತ್ತಿ ಒತ್ತಿಕೊಂಡು ಕೂತಿದ್ದೀನಿ. ಟ್ಯಾಬ್ ಹಿಡಿದ ಹುಡುಗಿ ಪಟಪಟ ಅಂತ ಕೇಳ್ತಾ ಹೋದಳು. ಶುಗರ್ ಇದೆಯಾ? ಇಲ್ಲ. ಬಿಪಿ? ಇಲ್ಲ. ಸಿಗರೇಟು ಸೇದ್ತೀರಾ? ಇಲ್ಲ. ಟಿಕ್. ಮುಂದಿನ ಪ್ರಶ್ನೆ, ಮನೇಲಿ ಯಾರಿಗಾದ್ರೂ ಥೈರಾಯ್ಡ್?

ನಾನು ಹೇಳಿದ್ದು ಸುಳ್ಳಲ್ಲ. ಬಿಟ್ಟು ಏಳು ವರ್ಷ ಆಯ್ತು. ಆದರೆ ಅದಕ್ಕೂ ಮೊದಲು 13 ವರ್ಷ, ದಿನಕ್ಕೆ ಹತ್ತರಂತೆ ಸೇದಿದ್ದೆ. ಗುಣಿಸಿದರೆ 47,450 ಸಿಗರೇಟು. ಅಷ್ಟೂ ಹೊಗೆ ಆ ಒಂದು ಟಿಕ್‌ನಲ್ಲಿ ಮಾಯವಾಗಿಬಿಟ್ಟಿತು. ಯಾರೂ ‘ಸೇದ್ತಿದ್ರಾ?’ ಅಂತ ಕೇಳಲಿಲ್ಲ. ಸೇದ್ತೀರಾ, ಸೇದ್ತಿದ್ರಾ. ಬರೆದರೆ ಒಂದೆರಡು ಅಕ್ಷರದ ವ್ಯತ್ಯಾಸ, ಅಷ್ಟೇ.

ನನ್ನ ಸೋದರಮಾವನನ್ನೂ ಯಾರೂ ಕೇಳಲಿಲ್ಲ. ಬ್ಯಾಂಕಿನ ನೌಕರಿ, ದಿನಕ್ಕೊಂದು ಪ್ಯಾಕು, 27 ವರ್ಷ. 1997ರಲ್ಲಿ ಮಗಳ ಮದುವೆ ಗೊತ್ತಾದ ವಾರ ಬಿಟ್ಟವರು ಮತ್ತೆ ಮುಟ್ಟಲಿಲ್ಲ. ನಮ್ಮ ಮನೆಯಲ್ಲಿ ಅದು ಪುರಾಣದ ಕಥೆ ಥರ. ನಾನು ಸಿಕ್ಕಿಬಿದ್ದಾಗಲೆಲ್ಲ ಅಮ್ಮ ಎತ್ತುತ್ತಿದ್ದ ಉದಾಹರಣೆ ಅವರದ್ದೇ: ‘ನಿಮ್ಮ ಮಾವನ್ನ ನೋಡು, ಬಿಡಬೇಕು ಅಂದ್ರೆ ಹಂಗೆ ಬಿಡಬೇಕು.’ 2018ರಲ್ಲಿ ಅವರಿಗೆ ಕೆಮ್ಮು ಶುರುವಾಯ್ತು. ಡಾಕ್ಟರು ಕೇಳಿದರು, ಸಿಗರೇಟು ಸೇದ್ತೀರಾ? ಮಾವ ಹೆಮ್ಮೆಯಿಂದಲೇ ಇಲ್ಲ ಅಂದರು. ಪಕ್ಕದಲ್ಲಿದ್ದ ಅತ್ತೆಯೂ ಇಲ್ಲ ಅಂದರು. ನಾನೂ ಅಲ್ಲೇ ಇದ್ದೆ, ನಾನೂ ಬಾಯಿ ಬಿಡಲಿಲ್ಲ, ಯಾಕಂದ್ರೆ ನನಗೂ ಅದು ಮುಗಿದ ವಿಷಯ ಅಂತಲೇ ಅನಿಸಿತ್ತು. ನಮ್ಮ ದೇಶದಲ್ಲಿ ಬಿಡದ ಕೆಮ್ಮು ಅಂದರೆ ಮೊದಲು ಟಿಬಿ. ಕಫದಲ್ಲಿ ಏನೂ ಸಿಗದಿದ್ದರೂ ಎಕ್ಸ್-ರೇಯಲ್ಲಿ ಮಚ್ಚೆ ಕಂಡಿತು ಅಂತ ಮಾತ್ರೆ ಶುರು ಮಾಡಿದರು. ಮೂರು ತಿಂಗಳು ಅವರು ಕೆಂಪು ಮೂತ್ರ ಮಾಡ್ತಾ, ತೂಕ ಇಳೀತಾ, ‘ಔಷಧಿ ಹೀಟು’ ಅಂತ ಮಜ್ಜಿಗೆ ಕುಡೀತಾ ಕೂತರು. ಆಮೇಲೆ ಬೆನ್ನುನೋವು ಬಂತು. ಆಗ ಸ್ಕ್ಯಾನು. ಕ್ಯಾನ್ಸರ್ ಶ್ವಾಸಕೋಶದಿಂದ ಬೆನ್ನುಮೂಳೆಗೆ ಹೋಗಿತ್ತು. ನಾಲ್ಕನೇ ಹಂತ.

ಮೂರು ತಿಂಗಳು ಮೊದಲೇ ಗೊತ್ತಾಗಿದ್ದರೆ ಬದುಕ್ತಿದ್ದರು ಅಂತ ನಾನು ಹೇಳೋದಿಲ್ಲ. ನನಗೆ ಈಗಲೂ ಕೋಪ ಬರೋದು ಬೇರೆ ಮಾತಿಗೆ. ತಿಥಿಗೆ ಬಂದವರೆಲ್ಲ ಅಂದದ್ದು ಒಂದೇ: ‘ಅಯ್ಯೋ, ಬಿಟ್ಟು 21 ವರ್ಷ ಆಗಿತ್ತಲ್ರೀ!’ ಸಾಲ ತೀರಿಸಿದ ಮೇಲೂ ಬ್ಯಾಂಕಿನವರು ಬಾಗಿಲು ಬಡಿದ ಹಾಗೆ, ಏನೋ ಮೋಸ ಆದ ಹಾಗೆ.

ಮೋಸ ಆಗಿತ್ತು ನಿಜ. ಆದರೆ ಮಾಡಿದ್ದು ಕ್ಯಾನ್ಸರ್ ಅಲ್ಲ. ‘ಬಿಟ್ಟರೆ ಎಲ್ಲ ಸರಿಹೋಗತ್ತೆ’ ಅಂತ ಹೇಳಿಕೊಂಡು ಓಡಾಡುವ ನಾವೆಲ್ಲ.

ನೀವೂ ಆ ಚಾರ್ಟ್ ನೋಡಿರ್ತೀರಿ. ವೆಲ್‌ನೆಸ್ ವೀಕ್‌ನಲ್ಲಿ ಎಚ್‌ಆರ್‌ನವರು ತೋರಿಸುವ ಪಿಪಿಟಿಯಲ್ಲಿ ಇರತ್ತೆ, ಸಿಗರೇಟು ಬಿಡಿಸುವ ಆ್ಯಪ್‌ಗಳಲ್ಲಿ ಇರತ್ತೆ. ಬಿಟ್ಟ 20 ನಿಮಿಷಕ್ಕೆ ನಾಡಿಬಡಿತ ಇಳಿಯತ್ತೆ, ವರ್ಷಕ್ಕೆ ಹೃದಯದ ಅಪಾಯ ಅರ್ಧ ಆಗತ್ತೆ, ಹತ್ತು ವರ್ಷಕ್ಕೆ ಶ್ವಾಸಕೋಶದ ಕ್ಯಾನ್ಸರ್ ಅಪಾಯ ಅರ್ಧ ಆಗತ್ತೆ. ಹಸಿರು ಬಾಣ, ನಗುವ ಗುಲಾಬಿ ಬಣ್ಣದ ಶ್ವಾಸಕೋಶ. ಹೃದಯದ ವಿಚಾರದಲ್ಲಿ ಆ ಚಾರ್ಟ್ ಹೆಚ್ಚುಕಡಿಮೆ ಸರಿಯೇ. ಹತ್ತು ವರ್ಷದ ಸಾಲನ್ನು ಮಾತ್ರ ಇನ್ನೊಮ್ಮೆ ಓದಿ. ಅರ್ಧ ಅಂದರೆ ಯಾರ ಅರ್ಧ? ಸೇದುತ್ತಲೇ ಇರುವವನ ಅರ್ಧ. ಒಮ್ಮೆಯೂ ಸೇದದವನಿಗೆ ಹೋಲಿಸಿದರೆ ಸೇದುವವನಿಗೆ ಅಪಾಯ 15ರಿಂದ 30 ಪಟ್ಟು ಅಂತ ಅಮೆರಿಕದ ಲೆಕ್ಕ. 20 ಅಂತಲೇ ಇಟ್ಟುಕೊಳ್ಳಿ. 20ರ ಅರ್ಧ 10. ಒಂದು ಅಲ್ಲ, ಹತ್ತು ಪಟ್ಟು! ಇಎಂಐ ಲೆಕ್ಕದಲ್ಲಿ ಕಾಲು ಪರ್ಸೆಂಟಿಗೆ ಬ್ಯಾಂಕಿನವರ ಜೊತೆ ಜಗಳ ಆಡುವ ನಾವು ಈ ‘ಅರ್ಧ’ವನ್ನು ಪ್ರಶ್ನೆಯೇ ಇಲ್ಲದೆ ನುಂಗಿಬಿಟ್ಟಿದ್ದೀವಿ.

ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅನ್ನೋ ಊರಿನ ಜನರನ್ನು ತಲೆಮಾರುಗಳಿಂದ ಹಿಂಬಾಲಿಸುತ್ತಿರುವ ಪ್ರಸಿದ್ಧ ಅಧ್ಯಯನ ಇದೆ. ಅದರಿಂದ 2018ರಲ್ಲಿ ಬಂದ ಲೆಕ್ಕ ಹೀಗಿದೆ: ಜಾಸ್ತಿ ಸೇದುತ್ತಿದ್ದವರು ಬಿಟ್ಟ ಐದು ವರ್ಷದೊಳಗೆ, ಸೇದುತ್ತಲೇ ಇರುವವರಿಗಿಂತ ಅವರ ಅಪಾಯ 39 ಶೇಕಡಾ ಕಡಿಮೆ. ಒಳ್ಳೆಯ ಸುದ್ದಿ. ಆದರೆ ಬಿಟ್ಟು 25 ವರ್ಷ ಕಳೆದ ಮೇಲೂ, ಎಂದೂ ಸೇದದವರಿಗಿಂತ ಮೂರು ಪಟ್ಟಿಗೂ ಹೆಚ್ಚು. ನಮ್ಮ ಮಾವ ಈ ಸಾಲಿನಲ್ಲಿ ಸರಿಯಾಗಿ ಕೂರ್ತಾರೆ. ಅವರಿಗೆ ಆದದ್ದು ವಿಧಿಯಾಟ ಅಲ್ಲ, ಅಂಕಿಅಂಶದಲ್ಲಿ ಬರೆದಿಟ್ಟದ್ದೇ.

ಯಾಕೆ ಹೀಗೆ ಅನ್ನೋದೂ ಗುಟ್ಟೇನಲ್ಲ. ಹೊಗೆಯಿಂದ ಶ್ವಾಸನಾಳಕ್ಕೆ ಹಿಡಿಯೋದು ಬರೀ ಮಸಿ ಅಲ್ಲ, ತೊಳೆದರೆ ಹೋಗೋಕೆ. ಜೀವಕೋಶದ ಡಿಎನ್‌ಎ ಒಳಗೆ ತಪ್ಪಕ್ಷರಗಳು ಬೀಳ್ತವೆ. ದಿನಕ್ಕೊಂದು ಪ್ಯಾಕಿನಂತೆ ಒಂದು ವರ್ಷ ಸೇದಿದರೆ ಶ್ವಾಸಕೋಶದ ಒಂದೊಂದು ಕೋಶದಲ್ಲೂ ಸರಾಸರಿ 150 ತಪ್ಪು ಅಂತ 2016ರಲ್ಲಿ ಲೆಕ್ಕ ಹಾಕಿದರು. ಸಿಗರೇಟು ಬಿಟ್ಟರೆ ಹೊಸ ತಪ್ಪು ಬೀಳೋದು ನಿಲ್ಲತ್ತೆ, ಹಳೇದು ತಾನಾಗಿ ತಿದ್ದಿಕೊಳ್ಳೋದಿಲ್ಲ. ಎಡಿಟಿಂಗ್ ನಿಲ್ಲಿಸಿದ ಮಾತ್ರಕ್ಕೆ ಫೈಲು ಮೊದಲಿನ ಹಾಗಾಗತ್ತಾ? ಹೌದು, 2020ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ನಿಜಕ್ಕೂ ಖುಷಿ ಕೊಡುವ ಇನ್ನೊಂದು ವಿಷಯ ಕಂಡುಹಿಡಿದರು. ಬಿಟ್ಟವರ ಶ್ವಾಸನಾಳದಲ್ಲಿ 20ರಿಂದ 40 ಶೇಕಡಾ ಕೋಶಗಳು ಹೆಚ್ಚುಕಡಿಮೆ ಸೇದದವರ ಕೋಶಗಳಷ್ಟೇ ಶುದ್ಧವಾಗಿದ್ದವು, ಎಲ್ಲೋ ಅಡಗಿದ್ದ ಒಳ್ಳೆಯ ಕೋಶಗಳು ಹೊರಬಂದು ಜಾಗ ತುಂಬಿಕೊಂಡ ಹಾಗೆ. ಪತ್ರಿಕೆಗಳೆಲ್ಲ ಶ್ವಾಸಕೋಶದ ಮ್ಯಾಜಿಕ್ ಅಂತ ಕುಣಿದವು. ಸಂತೋಷ. ಉಳಿದ 60ರಿಂದ 80 ಶೇಕಡಾ?

ಈಗ ನೀವು ಕೇಳೋದು ಗೊತ್ತು. ನನ್ನ ಹೆಂಡತಿಯೂ ಅದನ್ನೇ ಕೇಳಿದಳು. ‘ಇದನ್ನೆಲ್ಲ ಬರೆದರೆ ಬಿಡುವವರೂ ಬಿಡಲ್ಲ. ಹೆಂಗೂ ಹೋಗೋದೇ, ಇನ್ನೊಂದು ಹಚ್ಚೋಣ ಅಂತಾರೆ.’

ಇಲ್ಲ ಸ್ವಾಮಿ. ನಮ್ಮ ಟೆಕ್‌ಪಾರ್ಕ್ ಹಿಂದಿನ ಟೀ ಅಂಗಡಿಗೆ ಬನ್ನಿ, ಸಂಜೆ ನಾಲ್ಕಕ್ಕೆ. (ನಾನು ಈಗಲೂ ಹೋಗ್ತೀನಿ, ಟೀಗೆ. ಹೊಗೆಯ ವಾಸನೆಗೆ ಅಂತ ನೀವು ತಿಳಿದುಕೊಂಡರೂ ನನ್ನ ಅಭ್ಯಂತರ ಇಲ್ಲ.) ಅಲ್ಲಿ ಕೈಯಲ್ಲಿ ಕಡ್ಡಿ ಹಿಡಿದ 29ರ ಹುಡುಗ ಏನು ಹೇಳ್ತಾನೆ ಗೊತ್ತಾ? ‘40ಕ್ಕೆ ಬಿಡ್ತೀನಿ ಮಗಾ. ಹತ್ತು ವರ್ಷಕ್ಕೆ ಲಂಗ್ಸ್ ರೀಸೆಟ್ ಆಗತ್ತೆ, ಆ್ಯಪ್‌ನಲ್ಲೇ ಇದೆ.’ ಅವನನ್ನು ಸೇದಿಸ್ತಿರೋದು ಭಯ ಅಲ್ಲ, ಆ ಚಾರ್ಟು. ರೀಸೆಟ್ ಬಟನ್ ಇದೆ ಅಂತ ನಂಬಿದವನಿಗೆ ಇವತ್ತೇ ಯಾಕೆ ಒತ್ತಬೇಕು? ಯಾವಾಗ ಒತ್ತಿದರೂ ಒಂದೇ ಅಲ್ವಾ?

ಒಂದೇ ಅಲ್ಲ. ಬ್ರಿಟನ್ನಿನ ರಿಚರ್ಡ್ ಪೀಟೋ ಮತ್ತು ರಿಚರ್ಡ್ ಡಾಲ್ ತಂಡ 2000ದಲ್ಲಿ ಲೆಕ್ಕ ಹಾಕಿದೆ. ಬೇರೆ ಕಾಯಿಲೆ ಕೊಲ್ಲದಿದ್ದರೆ, ಸೇದುತ್ತಲೇ ಇರುವ 100 ಗಂಡಸರಲ್ಲಿ 16 ಮಂದಿಯನ್ನು 75 ತುಂಬುವ ಮೊದಲು ಶ್ವಾಸಕೋಶದ ಕ್ಯಾನ್ಸರ್ ಕೊಲ್ಲತ್ತೆ. 60ಕ್ಕೆ ಬಿಟ್ಟರೆ 10. 50ಕ್ಕೆ ಬಿಟ್ಟರೆ 6. 40ಕ್ಕೆ 3, 30ಕ್ಕೆ 2. ಸೇದದವರಲ್ಲಿ ಒಂದಕ್ಕಿಂತ ಕಡಿಮೆ. ಆ ಹುಡುಗನಿಗೆ ಇದನ್ನೇ ಹೇಳಿದೆ. ಜಾಣ, ತಕ್ಷಣ ಅಂದ: ‘ನೋಡು, 30ಕ್ಕೂ 40ಕ್ಕೂ ಒಂದೇ ಪರ್ಸೆಂಟ್ ವ್ಯತ್ಯಾಸ!’ ಸರಿ. ಆದರೆ 40ಕ್ಕೆ ಬಿಡ್ತೀನಿ ಅಂದವನು 40ಕ್ಕೆ ಬಿಟ್ಟಿದ್ದನ್ನು ನೀವು ಎಷ್ಟು ಸಲ ನೋಡಿದ್ದೀರಿ? ನಮ್ಮ ಮಾವ 30ಕ್ಕೆ ಅಂದವರು, ಬಿಟ್ಟಿದ್ದು 47ಕ್ಕೆ. ನಾನು ಮದುವೆಯಾದ ಮೇಲೆ ಅಂದವನು, ಮೂರು ಸಲ ಬಿಟ್ಟು ಮತ್ತೆ ಹಿಡಿದು, ನಾಲ್ಕನೇ ಸಲ ನಿಕೋಟಿನ್ ಗಮ್ ಅಗಿದು ದವಡೆ ನೋಯಿಸಿಕೊಂಡು ಬಿಟ್ಟೆ. ಇಲ್ಲಿ ಲೆಕ್ಕಕ್ಕೆ ಬರೋದು ದಿನಕ್ಕೆಷ್ಟು ಅನ್ನೋದಕ್ಕಿಂತ ಎಷ್ಟು ವರ್ಷ ಅನ್ನೋದು. ಬಿಟ್ಟ ದಿನ ಅಪಾಯ ಸೊನ್ನೆಗೆ ಇಳಿಯೋದಿಲ್ಲ, ಹತ್ತುತ್ತಿದ್ದ ಏಣಿಯ ಮೇಲೆ ನಿಂತುಬಿಡತ್ತೆ. ಆದಷ್ಟು ಕೆಳಗಿನ ಮೆಟ್ಟಿಲಲ್ಲಿ ನಿಲ್ಲಬೇಕು ಅಂದರೆ ಇವತ್ತೇ ನಿಲ್ಲಬೇಕು. ಕಳೆದದ್ದು ವಾಪಸ್ ಬರಲ್ಲ ಅನ್ನೋದೇ ಇವತ್ತು ಬಿಡೋದಕ್ಕೆ ಇರುವ ಅತ್ಯಂತ ಬಲವಾದ ಕಾರಣ, ಅದನ್ನೇ ನಾವು ಮುಚ್ಚಿಡ್ತಿದ್ದೀವಿ!

ಇನ್ನು ಈ ದೇಶ ನಮ್ಮನ್ನು ಬಿಡಿಸಲು ಒದ್ದಾಡ್ತಿದೆ ಅಂತ ನಂಬಿದ್ದರೆ, ಹುಣಸೂರು, ಪಿರಿಯಾಪಟ್ಟಣದ ಕಡೆ ಹೋಗಿ ಬನ್ನಿ. ಅಲ್ಲಿ ಸಿಗರೇಟಿನ ತಂಬಾಕನ್ನು ಹರಾಜು ಹಾಕಿಸುವುದು ಕೇಂದ್ರ ಸರ್ಕಾರದ್ದೇ ಮಂಡಳಿ. ದೇಶದ ಅತಿ ದೊಡ್ಡ ಸಿಗರೇಟು ಕಂಪನಿಯಲ್ಲಿ ಎಲ್‌ಐಸಿಯ ಪಾಲು ಸುಮಾರು 15 ಶೇಕಡಾ. ಅಂದರೆ ನಾನು ಸತ್ತರೆ ಹೆಂಡತಿಗೆ ಬರಬೇಕಾದ ದುಡ್ಡು ನಾನು ಸೇದುತ್ತಿದ್ದ ಕಡ್ಡಿಯಿಂದಲೂ ಬೆಳೀತಿದೆ. ಇರಲಿ, ಅದು ಇನ್ನೊಂದು ದಿನದ ಜಗಳ.

ನನ್ನ ಇವತ್ತಿನ ಜಗಳ ಸಣ್ಣದು. ಫಾರ್ಮಿನಲ್ಲಿ ಒಂದು ಪ್ರಶ್ನೆ ಸೇರಿಸಿ. ಯಾವತ್ತಾದರೂ ಸೇದ್ತಿದ್ರಾ, ಎಷ್ಟು, ಎಷ್ಟು ವರ್ಷ, ಯಾವಾಗ ಬಿಟ್ರಿ. ವೈದ್ಯರು ಇದಕ್ಕೆ ಪ್ಯಾಕ್-ಇಯರ್ ಅಂತಾರೆ. ದಿನಕ್ಕೆ 20 ಸಿಗರೇಟಿನಂತೆ ಒಂದು ವರ್ಷ ಸೇದಿದರೆ ಒಂದು. ನಂದು ಆರೂವರೆ, ಮಾವನದ್ದು 27. ನಾನು ತೆಗೆದುಕೊಂಡ ಟರ್ಮ್ ಇನ್ಶೂರೆನ್ಸ್ ಫಾರ್ಮಿನಲ್ಲಿ ಕೇಳಿದ್ದು ಕಳೆದ 12 ತಿಂಗಳು ಮಾತ್ರ. ವರ್ಷ ತುಂಬಿದ ಮಾರನೇ ದಿನ ನಾನು ಅವರ ಲೆಕ್ಕದಲ್ಲಿ ಹುಟ್ಟಾ ಸಾತ್ವಿಕ.

ಇದನ್ನು ಓದಿ ನಾಳೆಯೇ ಸ್ಕ್ಯಾನಿಂಗ್ ಸೆಂಟರಿಗೆ ಓಡಬೇಡಿ ಮಾರಾಯ್ರೇ. ಕಡಿಮೆ ವಿಕಿರಣದ ಸಿಟಿ ಸ್ಕ್ಯಾನ್‌ನಿಂದ ಈ ಕ್ಯಾನ್ಸರಿನ ಸಾವು 20 ಶೇಕಡಾ ಇಳಿದದ್ದನ್ನು 2011ರಲ್ಲಿ ಅಮೆರಿಕದ ದೊಡ್ಡ ಪರೀಕ್ಷೆಯೊಂದು ತೋರಿಸಿದ್ದು ನಿಜ. ಆದರೆ ಅದು 55 ದಾಟಿದ, 30 ಪ್ಯಾಕ್-ಇಯರ್ ಸೇದಿದವರ ಮೇಲೆ. ಈಗ ಅಲ್ಲಿನ ಸರ್ಕಾರಿ ಶಿಫಾರಸು 50 ವರ್ಷ, 20 ಪ್ಯಾಕ್-ಇಯರ್‌ಗೆ ಇಳಿದಿದೆ. 39ರ, ಆರೂವರೆಯ ನನ್ನಂಥವನಿಗಲ್ಲ. ನಮ್ಮಲ್ಲಂತೂ ಹಳೆ ಟಿಬಿ ಕಲೆಗಳೇ ಸ್ಕ್ಯಾನಿನಲ್ಲಿ ಗಂಟಾಗಿ ಕಂಡು ನಿದ್ದೆಗೆಡಿಸುತ್ತವೆ. ಹೆಲ್ತ್ ಪ್ಯಾಕೇಜಿನಲ್ಲಿ ಉಚಿತವಾಗಿ ಹೊಡೆಯುವ ಎದೆಯ ಎಕ್ಸ್-ರೇ ಈ ವಿಷಯಕ್ಕೆ ಏನೂ ಪ್ರಯೋಜನ ಇಲ್ಲ, ಅದನ್ನೂ ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಅದು ‘ನಾರ್ಮಲ್’ ಅಂತ ಬಂದರೆ ಸಮಾಧಾನ ಪಡಬೇಡಿ. ನಿಮ್ಮ ಅಪ್ಪ, ಮಾವ, ಚಿಕ್ಕಪ್ಪ ಯಾವತ್ತೋ ಬಿಟ್ಟವರಿದ್ದರೆ, ಮೂರು ವಾರ ದಾಟಿದ ಕೆಮ್ಮಿಗೆ ಅವರ ಜೊತೆ ಹೋಗಿ. ಡಾಕ್ಟರು ಕೇಳದಿದ್ದರೂ ನೀವೇ ಹೇಳಿ, ಇವರು ಇಷ್ಟು ವರ್ಷ ಸೇದ್ತಿದ್ರು ಅಂತ. ಅವರಿಗೆ ಅವಮಾನ ಆದರೆ ಆಗಲಿ. ಹಾಗಂತ ಶ್ವಾಸಕೋಶದ ಕ್ಯಾನ್ಸರ್ ಬಂದವರನ್ನೆಲ್ಲ ‘ಸೇದ್ತಿದ್ರೇನೋ’ ಅಂತ ಓರೆಗಣ್ಣಲ್ಲಿ ನೋಡಲೂಬೇಡಿ. ನಮ್ಮ ದೇಶದಲ್ಲಿ ಒಂದು ಕಡ್ಡಿಯನ್ನೂ ಮುಟ್ಟದ ಎಷ್ಟೋ ಹೆಂಗಸರಿಗೆ ಇದು ಬರ್ತಿದೆ.

ಅವತ್ತು ಚೆಕಪ್ ಮುಗಿಸಿ, ಅವರು ಕೊಟ್ಟ ಇಡ್ಲಿ ತಿಂದು, ವಾಪಸ್ ಆ ಹುಡುಗಿಯ ಹತ್ತಿರ ಹೋದೆ. ‘ಮೇಡಂ, ಮೊದಲು ಸೇದ್ತಿದ್ದೆ, 13 ವರ್ಷ. ಹಾಕ್ಕೊಳ್ಳಿ’ ಅಂದೆ. ಅವಳು ಟ್ಯಾಬ್ ಕೆಳಗೆ ಮೇಲೆ ಉಜ್ಜಿ ನೋಡಿದಳು. ‘ಸಾರ್, ಎಸ್ ಇಲ್ಲಾ ನೋ ಅಷ್ಟೇ ಇರೋದು. ಈಗ ಬಿಟ್ಟಿದ್ದೀರಲ್ಲ, ನೋನೇ ಇರ್ಲಿ ಬಿಡಿ’ ಅಂದಳು. ಪಾಪ, ಒಳ್ಳೆ ಮನಸ್ಸಿನಿಂದಲೇ ಅಂದದ್ದು. ನಾನು ಬಿಡಲಿಲ್ಲ. ಕೊನೆಗೆ ‘ಇತರೆ’ ಅನ್ನೋ ಡಬ್ಬಿಯಲ್ಲಿ ಟೈಪ್ ಮಾಡಿಸಿದೆ.

ನಾಲ್ಕು ದಿನಕ್ಕೆ ರಿಪೋರ್ಟ್ ಮೇಲ್ ಬಂತು. ಎರಡನೇ ಪುಟದಲ್ಲಿ ಹಸಿರು ಅಕ್ಷರದಲ್ಲಿ ‘ನಾನ್-ಸ್ಮೋಕರ್, ಅಭಿನಂದನೆಗಳು’. ‘ಇತರೆ’ ಡಬ್ಬಿ ಖಾಲಿ. ಅದೇ ಮೇಲ್‌ಗೆ ಆರೂವರೆ ಪ್ಯಾಕ್-ಇಯರ್ ಅಂತ ಉತ್ತರ ಬರೆದು ಕಳಿಸಿದ್ದೀನಿ. ಇನ್ನೂ ಏನೂ ಬಂದಿಲ್ಲ. ಈ ಸೋಮವಾರ ಮತ್ತೆ ಬರೀತೀನಿ.