ಒಡೆದ ಪಾರ್ಸೆಲ್ಲೂ ಬಚ್ಚಲ ಒಲೆಯೂ

ಮುಂಗಾರು ಹಿಡಿದ ದಿನಗಳಲ್ಲಿ ಹಾನಗಲ್ಲಿನಲ್ಲಿಯೋ ಹಿರೇಕೆರೂರಿನಲ್ಲಿಯೋ ಕೊರಿಯರ್ ವಾಹನ ಬಂದು ನಿಲ್ಲುವ ಹೊತ್ತಿಗೆ ಅಲ್ಲಿದ್ದು ನೋಡಿದವರಿಗೆ ಒಂದು ಸಂಗತಿ ಕಣ್ಣಿಗೆ ಬೀಳದಿರದು. ಕೆಳಗಿಳಿಯುವ ರಟ್ಟಿನ ಪೆಟ್ಟಿಗೆಗಳಲ್ಲಿ ಕೆಲವುಗಳ ಮೂಲೆ ಕುಸಿದಿರುತ್ತದೆ, ಕೆಲವು ತಳದಲ್ಲಿ ನೀರುಂಡು ಮೆತ್ತಗಾಗಿರುತ್ತವೆ, ಕೆಲವುಗಳೊಳಗೆ ಏನೋ ಗಲಗಲ ಎನ್ನುತ್ತಿರುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗೆಂದು ವಿದ್ಯಾರ್ಥಿ ತರಿಸಿದ ಪುಸ್ತಕದ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಔಷಧ ಸಿಂಪಡಿಸುವ ಪಂಪಿನ ಹಿಡಿಕೆ ಮುರಿದಿರುತ್ತದೆ. ನೂರಾರು ಮೈಲಿ ದಾಟಿ ಬಂದ ಲಿಂಬೆಯ ಸಸಿ ಬೇರಿನ ಮಣ್ಣನ್ನೆಲ್ಲ ಉದುರಿಸಿಕೊಂಡು ಬಾಡಿ ಮಲಗಿರುತ್ತದೆ. ‘ನಸೀಬು’ ಎಂದುಕೊಂಡು ಜನ ಮನೆಗೆ ಹೋಗುತ್ತಾರೆ. ಆದರೆ ಇದು ನಸೀಬಿನ ಮಾತಲ್ಲ. ದೂರದ ಉಗ್ರಾಣವೊಂದರಲ್ಲಿ ಯಾರೋ ಉಳಿಸಿದ ಎರಡು ಮೂರು ರೂಪಾಯಿಯ ಭಾರವನ್ನು ಹಾದಿಯ ಕೊನೆಯಲ್ಲಿರುವ ಹಳ್ಳಿ ಹೊರುತ್ತಿರುವ ಲೆಕ್ಕದ ಮಾತು.

ರಟ್ಟಿನ ಪೆಟ್ಟಿಗೆಯ ಬಲವಿರುವುದು ಎರಡು ಹಾಳೆಗಳ ನಡುವೆ ಅಲೆಅಲೆಯಾಗಿ ಮಡಿಸಿ ಅಂಟಿಸಿದ ಕಾಗದದಲ್ಲಿ. ಆ ಅಲೆಗಳು ಒಣಗಿ ನೆಟ್ಟಗೆ ನಿಂತಿರುವವರೆಗೆ ಪೆಟ್ಟಿಗೆ ತನ್ನ ಮೇಲೆ ಪೇರಿಸಿದ ಹತ್ತು ಪೆಟ್ಟಿಗೆಗಳನ್ನಾದರೂ ಹೊತ್ತೀತು. ಆದರೆ ಕಾಗದವು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ವಸ್ತು. ಮಳೆಗಾಲದ ತೇವಭರಿತ ಗಾಳಿಯಲ್ಲಿ ದಿನಗಟ್ಟಲೆ ಇಟ್ಟ ಪೆಟ್ಟಿಗೆ, ಅದರ ಮೇಲೆ ಒಂದು ಹನಿ ನೀರು ಬೀಳದಿದ್ದರೂ, ಒಣ ಹವೆಯಲ್ಲಿದ್ದ ತನ್ನ ಬಲದ ಸುಮಾರು ಅರ್ಧದಷ್ಟನ್ನು ಕಳೆದುಕೊಳ್ಳಬಲ್ಲದು. ಒಣ ಉಗ್ರಾಣದಲ್ಲಿ ‘ಗಟ್ಟಿಯಾಗಿದೆ’ ಎಂದು ತೋರಿದ ಮೂರು ಪದರದ ಪೆಟ್ಟಿಗೆ, ಜುಲೈ ತಿಂಗಳಲ್ಲಿ ಮಲೆನಾಡಿನ ಅಂಚಿನ ಹಾನಗಲ್ಲನ್ನು ತಲುಪುವಾಗ ಅದೇ ಪೆಟ್ಟಿಗೆಯಾಗಿ ಉಳಿದಿರುವುದಿಲ್ಲ. ಕಪ್ಪು ನೆಲದ, ಮಳೆ ಕಡಿಮೆಯ ಸವಣೂರಿಗೂ ಕಾಡಿನ ಸೆರಗಿನ ಹಾನಗಲ್ಲಿಗೂ ಕಟ್ಟುವ ಕ್ರಮ ಒಂದೇ ಇರಲಾಗದು. ಆದರೆ ಕಟ್ಟುವವನ ಮುಂದೆ ಇರುವುದು 581118, 581104 ಎಂಬ ಅಂಕಿಗಳು ಮಾತ್ರ. ಆ ಅಂಕಿಗಳ ಹಿಂದಿನ ಮಳೆ ಅವನಿಗೆ ಕಾಣದು.

ಇನ್ನು ದಾರಿ. ಪುಣೆ–ಬೆಂಗಳೂರು ಹೆದ್ದಾರಿ ಶಿಗ್ಗಾವಿಯ ಮೇಲೆಯೇ ಹಾದುಹೋಗುತ್ತದೆ. ಆ ಊರಿನವರಿಗೆ ಕಷ್ಟ ಸ್ವಲ್ಪ ಕಡಿಮೆ. ಹೆದ್ದಾರಿ ಬಿಟ್ಟು ಒಳಗೆ ತಿರುಗಿದ ಮೇಲೆ ಪೆಟ್ಟಿಗೆ ಇನ್ನೊಂದು ವಾಹನಕ್ಕೆ, ಅಲ್ಲಿಂದ ಅಂಗಡಿಗೆ, ಅಂಗಡಿಯಿಂದ ದ್ವಿಚಕ್ರ ವಾಹನದ ಹಿಂದಿನ ಚೀಲಕ್ಕೆ ಸಾಗುತ್ತದೆ. ಪ್ರತಿ ಏರಿಳಿತದಲ್ಲಿಯೂ ಒಂದು ಎಸೆತ, ಒಂದು ಬೀಳು ಇದ್ದೇ ಇರುತ್ತದೆ. ಈ ಕೊನೆಯ ಹತ್ತಿಪ್ಪತ್ತು ಮೈಲಿಗಳಿಗಾಗಿ ಕಟ್ಟಬೇಕಾದದ್ದನ್ನು ಮೊದಲ ಐನೂರು ಮೈಲಿಗಳ ನಯವಾದ ರಸ್ತೆಗೆ ತಕ್ಕಂತೆ ಕಟ್ಟಲಾಗುತ್ತಿದೆ.

ಹೀಗೇಕೆ? ಮಾರಾಟಗಾರರಿಗೆ ತಿಳಿಯದೆ ಅಲ್ಲ. ಕೊರಿಯರ್ ಸಂಸ್ಥೆಗಳು ಸಾಮಾನುಗಳನ್ನು ತಕ್ಕಡಿಯ ತೂಕದಿಂದ ಮಾತ್ರವಲ್ಲ, ಅವು ಹಿಡಿಯುವ ಜಾಗದಿಂದಲೂ ಅಳೆಯುತ್ತವೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದಾಗ ಬಂದುದನ್ನು ಕಿಲೋಗ್ರಾಂ ಎಂದು ಎಣಿಸುವುದು ಈ ವ್ಯವಹಾರದ ಸಾಮಾನ್ಯ ಪದ್ಧತಿ. ಒಂದು ಕಿಲೋ ತೂಗುವ ಗಾಜಿನ ಪಾತ್ರೆಯನ್ನು ಸುತ್ತಲೂ ಮೆತ್ತೆ ತುಂಬಿ 40, 30, 20 ಸೆಂಟಿಮೀಟರಿನ ಪೆಟ್ಟಿಗೆಯಲ್ಲಿಟ್ಟರೆ ಅದು 4.8 ಕಿಲೋ ಆಗುತ್ತದೆ. ಮೆತ್ತೆ ಕಿತ್ತು 30, 20, 15ರ ಪೆಟ್ಟಿಗೆಗೆ ತುರುಕಿದರೆ 1.8 ಕಿಲೋ. ನೂರಕ್ಕೆ ಐದು ಪಾತ್ರೆ ಒಡೆದರೂ ಉಳಿದ ತೊಂಬತ್ತೈದರ ಸಾಗಣೆಯಲ್ಲಿ ಉಳಿಸಿದ ಹಣ ಹೆಚ್ಚಾಗುವುದಾದರೆ, ವ್ಯಾಪಾರದ ಬುದ್ಧಿ ಒಡೆಯುವುದನ್ನೇ ಆರಿಸಿಕೊಳ್ಳುತ್ತದೆ. ಇದಕ್ಕೆ ವಿರುದ್ಧವಾದ ಇನ್ನೊಂದು ಅವಿವೇಕವೂ ಉಂಟು: ಅಳತೆಯ ಪೆಟ್ಟಿಗೆ ಕೈಗೆ ಸಿಗದಾಗ ಬೆಂಕಿಪೊಟ್ಟಣದಷ್ಟು ವಸ್ತುವನ್ನು ಬುಟ್ಟಿಯಷ್ಟು ದೊಡ್ಡ ಪೆಟ್ಟಿಗೆಯಲ್ಲಿಟ್ಟು, ನಡುವಿನ ಬಯಲನ್ನು ಗಾಳಿ ತುಂಬಿದ ಪ್ಲಾಸ್ಟಿಕ್ ದಿಂಬುಗಳಿಂದ ಮುಚ್ಚುವುದು. ಒಂದರಲ್ಲಿ ವಸ್ತು ಹಾಳು, ಇನ್ನೊಂದರಲ್ಲಿ ಊರು ಹಾಳು.

ಒಡೆದ ವಸ್ತು ನಗರದಲ್ಲಾದರೆ ಮರುದಿನವೇ ಹಿಂದಿರುಗಿ ಹೋಗುತ್ತದೆ. ಹಳ್ಳಿಯ ಗ್ರಾಹಕನಿಗೆ ಮಾತ್ರ ಆಗಾಗ ಪರದೆಯ ಮೇಲೆ ಕಾಣುವುದು, ಈ ಪಿನ್‌ಕೋಡಿನಿಂದ ವಾಪಸು ಪಡೆಯುವ ಸೌಲಭ್ಯವಿಲ್ಲ ಎಂಬ ಒಂದು ಸಾಲು. ತಾನೇ ಮತ್ತೆ ಕಟ್ಟಿ, ತಾಲ್ಲೂಕು ಕೇಂದ್ರಕ್ಕೆ ಹೋಗಿ, ಒಂದು ದಿನದ ಕೂಲಿ ಕಳೆದುಕೊಂಡು ಕಳುಹಿಸುವುದಕ್ಕಿಂತ ಮೂಲೆಗೆ ಎಸೆಯುವುದು ಅಗ್ಗ. ಅಲ್ಲಿಗೆ ಒಡೆದ ವಸ್ತುವೂ ಊರಿನ ಕಸವಾಯಿತು, ಅದನ್ನು ಕಾಪಾಡಲಾರದ ಹೊದಿಕೆಯೂ ಊರಿನ ಕಸವಾಯಿತು. ರಟ್ಟನ್ನು ಗುಜರಿಯವನು ಒಯ್ಯುತ್ತಾನೆ. ಬೂದು ಬಣ್ಣದ ಕೊರಿಯರ್ ಚೀಲ, ಗುಳ್ಳೆಗುಳ್ಳೆಯ ಹಾಳೆ, ಥರ್ಮೊಕೋಲು, ಮಾರುದ್ದದ ಟೇಪು ಇವನ್ನು ಅವನು ಮುಟ್ಟುವುದಿಲ್ಲ. ಅವು ಸೇರುವ ಜಾಗ ಮಲೆಸೀಮೆಯ ಮನೆಮನೆಗೂ ಗೊತ್ತು: ಬಚ್ಚಲ ಒಲೆ. ಮಳೆಗಾಲದಲ್ಲಿ ಹಸಿ ಕಟ್ಟಿಗೆ ಹತ್ತಿಕೊಳ್ಳದಾಗ ಥರ್ಮೊಕೋಲಿನ ಒಂದು ತುಂಡು ಭಗ್ಗನೆ ಹೊತ್ತಿಸಿಕೊಡುತ್ತದೆ. ಆ ಕಪ್ಪು ಹೊಗೆಯಲ್ಲಿ ಸ್ಟೈರೀನ್ ಎಂಬ ವಿಷಾನಿಲ ಇರುತ್ತದೆ, ಅದನ್ನು ಉಸಿರಾಡುವವರು ಬೆಳಗಿನ ಜಾವ ಎದ್ದು ನೀರು ಕಾಯಿಸುವ ಹೆಂಗಸರು ಎಂಬುದನ್ನು ಪೆಟ್ಟಿಗೆಯ ಮೇಲೆ ಮರದ ಚಿತ್ರ ಅಚ್ಚೊತ್ತಿಸುವ ಯಾವ ಕಂಪನಿಯೂ ಲೆಕ್ಕಕ್ಕೆ ಹಿಡಿದಂತಿಲ್ಲ.

ಇಲ್ಲಿಯವರೆಗಿನದು ನಷ್ಟದ ಮಾತಾಯಿತು. ಮುಂದಿನದು ಅಪಾಯದ ಮಾತು. 1971ರ ಕೀಟನಾಶಕ ನಿಯಮಗಳಿಗೆ 2022ರ ನವೆಂಬರಿನಲ್ಲಿ ತಿದ್ದುಪಡಿ ತಂದ ಕೇಂದ್ರ ಸರ್ಕಾರ, ಪರವಾನಗಿ ಉಳ್ಳವರು ಆನ್‌ಲೈನ್ ಮೂಲಕ ಕೀಟನಾಶಕ ಮಾರಿ ಮನೆಬಾಗಿಲಿಗೆ ತಲುಪಿಸಲು ಅವಕಾಶ ನೀಡಿತು. ಹತ್ತಿ, ಮೆಣಸಿನಕಾಯಿ, ಗೋವಿನಜೋಳ ಬೆಳೆಯುವ ಈ ತಾಲ್ಲೂಕುಗಳ ರೈತರಿಗೆ ಇದರಿಂದ ಅನುಕೂಲವಾದದ್ದೂ ಉಂಟು. ಆದರೆ ಮುಚ್ಚಳ ಸಡಿಲಾದ ಒಂದು ಬಾಟಲಿ ಸೋರತೊಡಗಿದರೆ ಅದೇ ಚೀಲದಲ್ಲಿರುವುದು ಮಗುವಿನ ಬಟ್ಟೆಯಾಗಿರಬಹುದು, ಯಾರದೋ ಮನೆಯ ಸಾಂಬಾರ ಪುಡಿಯಾಗಿರಬಹುದು. ಚೀಲ ಹೊರುವ ಹುಡುಗನ ಬೆನ್ನು ಅಂತೂ ಇದ್ದೇ ಇದೆ. ಪುಸ್ತಕ ಒದ್ದೆಯಾದರೆ ಹಣ ಹೋದೀತು. ಇಲ್ಲಿ ಹೋಗುವುದು ಅದಲ್ಲ. ವಿಷದ ಬಾಟಲಿಯನ್ನು ಗೊಂಬೆಯನ್ನು ಕಟ್ಟಿದಂತೆಯೇ ಕಟ್ಟಿ ಕಳುಹಿಸುವುದನ್ನು ಕೃಷಿ ಇಲಾಖೆಯ ಅಧಿಕಾರಿಗಳು ಒಂದು ದಿನವೂ ಸಹಿಸಬಾರದು.

ಕಾನೂನು ಗ್ರಾಹಕನ ಕೈಬಿಟ್ಟಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ 2020ರ ಜುಲೈನಲ್ಲಿ ಜಾರಿಗೆ ಬಂದ ಇ–ವಾಣಿಜ್ಯ ನಿಯಮಗಳ ಪ್ರಕಾರ, ದೋಷವಿರುವ ವಸ್ತುವನ್ನು ಹಿಂಪಡೆಯಲು ಅಥವಾ ಹಣ ಮರಳಿಸಲು ಮಾರಾಟಗಾರನು ನಿರಾಕರಿಸುವಂತಿಲ್ಲ. ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ ನೀಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಪೆಟ್ಟಿಗೆ ತೆರೆಯುವಾಗ ವಿಡಿಯೊ ಮಾಡಿರದಿದ್ದರೆ ದೂರು ನಡೆಯದು ಎಂಬ ಮಾತು ವಿದ್ಯಾರ್ಥಿಗಳಲ್ಲಿ ಹಬ್ಬಿದೆ. ನಿಯಮಗಳಲ್ಲಿ ಅಂಥ ಷರತ್ತು ಎಲ್ಲಿಯೂ ಇಲ್ಲ. ವಿಡಿಯೊ ಒಳ್ಳೆಯ ಸಾಕ್ಷಿ, ಅಷ್ಟೆ. 1915 ಎಂಬ ಸಹಾಯವಾಣಿಗೆ ಕರೆ ಮಾಡಬಹುದು. ಅದರಿಂದಲೂ ಆಗದಿದ್ದರೆ ಗ್ರಾಹಕನು ಕಂಪನಿಯ ಊರಿಗೆ ಅಲೆಯದೆ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ, ಅಂದರೆ ಹಾವೇರಿಯಲ್ಲಿಯೇ, ಎರಡು ವರ್ಷದೊಳಗೆ ದೂರು ದಾಖಲಿಸಬಹುದು. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಆದರೂ ಇನ್ನೂರು ರೂಪಾಯಿಯ ಪುಸ್ತಕಕ್ಕಾಗಿ ಆಯೋಗದ ಮೆಟ್ಟಿಲೇರುವವರು ಯಾರು? ಈ ಪ್ರಶ್ನೆಯೇ ಕೆಟ್ಟ ಕಟ್ಟಣೆಯ ನಿಜವಾದ ಆಶ್ರಯದಾತ.

ಕಸದ ವಿಷಯದಲ್ಲಿ ಕಾನೂನಿನ ದೃಷ್ಟಿ ಇನ್ನೂ ಮಬ್ಬು. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳಿಗೆ 2022ರ ಫೆಬ್ರವರಿಯಲ್ಲಿ ಸೇರಿಸಿದ ಮಾರ್ಗಸೂಚಿಗಳು, ಪ್ಲಾಸ್ಟಿಕ್ ಹೊದಿಕೆಯನ್ನು ಮಾರುಕಟ್ಟೆಗೆ ಬಿಟ್ಟವರೇ ಅದರ ವಿಲೇವಾರಿಗೆ ಹೊಣೆ ಎನ್ನುತ್ತವೆ. ಆದರೆ ಆ ಹೊಣೆ ತೀರುವುದು ಪುನರ್ಬಳಕೆ ಘಟಕಗಳಿಂದ ಪ್ರಮಾಣಪತ್ರ ಕೊಳ್ಳುವುದರ ಮೂಲಕ. ಎಲ್ಲೋ ಒಂದು ಟನ್ ಪ್ಲಾಸ್ಟಿಕ್ ಕರಗಿಸಿದ್ದಕ್ಕೆ ಪತ್ರ ದೊರೆತರೆ ಸಾಕು; ಹಿರೇಕೆರೂರಿನ ಹಳ್ಳಿಯ ಹಳ್ಳದಲ್ಲಿ ಸಿಕ್ಕಿಕೊಂಡ ಚೀಲ ಅಲ್ಲಿಯೇ ಇರುತ್ತದೆ. ಗ್ರಾಮ ಪಂಚಾಯಿತಿಯ ‘ಸ್ವಚ್ಛ ಸಂಕೀರ್ಣ’ದಲ್ಲಿ ಕಸ ಬೇರ್ಪಡಿಸುವ ಮಹಿಳೆಯರಿಗೆ ಆ ಹಣ ತಾನಾಗಿ ಬಂದು ತಲುಪುವುದಿಲ್ಲ. ಜರ್ಮನಿ 1991ರಲ್ಲಿಯೇ ಹೊದಿಕೆಯನ್ನು ಹಿಂಪಡೆಯುವ ಹೊಣೆಯನ್ನು ಮಾರುವವರ ಮೇಲೆ ಹಾಕಿತು. ಐರೋಪ್ಯ ಒಕ್ಕೂಟದಲ್ಲಿ 2025ರಲ್ಲಿ ಜಾರಿಗೆ ಬಂದ ಹೊಸ ನಿಯಮದಂತೆ, 2030ರಿಂದ ಆನ್‌ಲೈನ್ ಪೆಟ್ಟಿಗೆಯೊಳಗೆ ಅರ್ಧಕ್ಕಿಂತ ಹೆಚ್ಚು ಖಾಲಿ ಜಾಗ ಇರುವಂತಿಲ್ಲ, ಗಾಳಿದಿಂಬು ತುಂಬಿದ ಜಾಗವೂ ಖಾಲಿ ಎಂದೇ ಲೆಕ್ಕ. ಇಲ್ಲಿ ಅಂಥ ಅಳತೆಗೋಲು ಬಂದರೆ ಯಾರಿಗೂ ನಷ್ಟವಿಲ್ಲ.

ದೂರದಿಂದ ಸಾಮಾನು ತರಿಸಿಕೊಳ್ಳುವುದು ಈ ಸೀಮೆಗೆ ಹೊಸದೇನೂ ಅಲ್ಲ. ವಸ್ತು ಕೈಗೆ ಬಂದ ಮೇಲೆ ಹಣ ಕೊಡುವ ಅಂಚೆಯ ವಿ.ಪಿ.ಪಿ. ಪದ್ಧತಿ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಬಂದದ್ದು. ಅಂದಿನ ಪಾರ್ಸೆಲನ್ನು ಹತ್ತಿಯ ಬಟ್ಟೆಯಲ್ಲಿ ಹೊಲಿದು, ಹೊಲಿಗೆಯ ಮೇಲೆ ಅರಗಿನ ಮುದ್ರೆ ಒತ್ತಿ ಕಳುಹಿಸುತ್ತಿದ್ದರು. ಬಿಚ್ಚಿದ ಬಟ್ಟೆ ಒಗೆದ ಮೇಲೆ ಬೇಳೆಯ ಚೀಲವಾಗುತ್ತಿತ್ತು. ಸವಣೂರಿನ ವೀಳ್ಯದೆಲೆಯ ಉದಾಹರಣೆ ಇದಕ್ಕಿಂತ ದೊಡ್ಡದು. ಒಂದು ದಿನ ಬಿಸಿಲು ತಾಗಿದರೆ ಬಾಡುವ, ಅತಿಯಾಗಿ ನೀರು ತಾಗಿದರೆ ಕೊಳೆಯುವ ಎಲೆ ಅದು. ಅದನ್ನು ಮುಂಬಯಿಯಂಥ ದೂರದ ಪೇಟೆಗಳಿಗೆ ಹಸಿರು ಮಾಸದಂತೆ ಮುಟ್ಟಿಸಿದ್ದು ಯಾವ ಪ್ರಯೋಗಾಲಯವೂ ಅಲ್ಲ. ಬಿದಿರ ಬುಟ್ಟಿ, ಬಾಳೆಯೆಲೆ, ಹದವಾಗಿ ನೆನೆಸಿದ ಹುಲ್ಲು ಮತ್ತು ಎಷ್ಟು ಬಿಗಿದರೆ ಸಾಕು ಎಂಬುದನ್ನು ಬಲ್ಲ ಬೆರಳುಗಳು. ಮೇದಾರರ ಬುಟ್ಟಿ ಮೇಲಿನ ಭಾರಕ್ಕೆ ಬಾಗುತ್ತದೆ, ಮತ್ತೆ ನೆಟ್ಟಗಾಗುತ್ತದೆ. ರಟ್ಟಿನ ಪೆಟ್ಟಿಗೆ ಒಮ್ಮೆ ಕುಸಿದರೆ ಮುಗಿಯಿತು. ಹಾಗೆಂದು ಎಲ್ಲವನ್ನೂ ಹುಲ್ಲಿನಲ್ಲಿ ಸುತ್ತಿ ಕಳುಹಿಸಿ ಎಂದರೆ ಅದು ಹುಡುಗಾಟವಾದೀತು. ಭತ್ತದ ಹುಲ್ಲು ಮೊದಲು ದನದ ಮೇವು, ಬರದ ವರ್ಷದಲ್ಲಂತೂ ಬಣವೆಗೆ ಬಂಗಾರದ ಬೆಲೆ. ಆದರೆ ಗೋವಿನಜೋಳದ ತೆನೆಯ ಒಣ ಸಿಪ್ಪೆಯಂಥ ಮೆತ್ತನೆಯ ವಸ್ತು ಹಿರೇಕೆರೂರು, ಶಿಗ್ಗಾವಿಗಳ ಕಣಗಳಲ್ಲಿ ಸುಮ್ಮನೆ ಬಿದ್ದಿರುವಾಗ ಥರ್ಮೊಕೋಲಿನ ಕಡೆ ನೋಡಬೇಕಾಗಿಲ್ಲ.

ಹಾಗಾದರೆ ಕೇಳಬೇಕಾದದ್ದು ಏನು, ಯಾರನ್ನು? ಪೆಟ್ಟಿಗೆ ತಂದ ಹುಡುಗನನ್ನಲ್ಲ. ಅವನು ಪಾರ್ಸೆಲಿಗೆ ಇಂತಿಷ್ಟು ಎಂದು ದುಡಿಯುವವನು. 2025ರಲ್ಲಿ ಕರ್ನಾಟಕವು ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕಾಯ್ದೆ ತಂದ ಮೇಲೂ, ಒಡೆದ ಪೆಟ್ಟಿಗೆಗೆ ಮೊದಲ ಬೈಗುಳ ತಿನ್ನುವವನು ಅವನೇ. ಕೇಳಬೇಕಾದದ್ದು ಆ ಹುಡುಗನ ಹಿಂದಿರುವ ಸಂಸ್ಥೆಗಳನ್ನು. ಬೆಳಿಗ್ಗೆ ತುಂಬಿ ಬರುವ ವಾಹನ ಸಂಜೆ ಬಹುಮಟ್ಟಿಗೆ ಬರಿದಾಗಿ ಹಿಂದಿರುಗುತ್ತದೆ. ಆ ಬರಿದಾದ ಜಾಗದಲ್ಲಿ ಒಡೆದ ವಸ್ತುವೂ ಹೊದಿಕೆಯೂ ವಾಪಸು ಹೋಗಲಿ. ಇದಕ್ಕೆ ಹೊಸ ರಸ್ತೆ ಬೇಡ, ಹೊಸ ವಾಹನ ಬೇಡ. ತಾಲ್ಲೂಕಿನ ಅಂಗಡಿಯಲ್ಲಿ ಒಂದು ಗೋಣಿಚೀಲವೂ ಮೇಲಿನವರ ಒಂದು ಆದೇಶವೂ ಸಾಕು. ನಾಲ್ಕು ತಾಲ್ಲೂಕುಗಳ ಗ್ರಾಮಸಭೆಗಳು ಇದನ್ನು ಠರಾವು ಮಾಡಿ ಜಿಲ್ಲಾ ಪಂಚಾಯಿತಿಗೆ ಕಳುಹಿಸಬಹುದು. ಕಾಲೇಜಿನ ಹುಡುಗರು ಒಂದು ಮಳೆಗಾಲದಲ್ಲಿ ತಮ್ಮ ಊರಿಗೆ ಬಂದ ಪೆಟ್ಟಿಗೆಗಳೆಷ್ಟು, ಒಡೆದವೆಷ್ಟು, ಹಿಂದಿರುಗಿದವೆಷ್ಟು ಎಂದು ಬರೆದಿಟ್ಟರೆ ಆ ಠರಾವಿಗೆ ಬಲ ಬರುತ್ತದೆ. ಪೇಟೆಯಲ್ಲಿಯೇ ಸಿಗುವ ಪೆನ್ನನ್ನು ಐನೂರು ಮೈಲಿಯಿಂದ ತರಿಸುವ ಹವ್ಯಾಸವನ್ನು ಅದೇ ಹುಡುಗರು ಬಿಟ್ಟರೆ ಎಣಿಕೆಯೂ ಸ್ವಲ್ಪ ಹಗುರವಾದೀತು.

ಈ ಸೀಮೆ ಈಗ ತರಿಸಿಕೊಳ್ಳುವುದು ಮಾತ್ರವಲ್ಲ, ಕಳುಹಿಸುವುದನ್ನೂ ಕಲಿಯುತ್ತಿದೆ. ರಾಜ್ಯದ ಮಾವು ಅಭಿವೃದ್ಧಿ ನಿಗಮ ಅಂಚೆ ಇಲಾಖೆಯೊಡನೆ ಸೇರಿ ರೈತರ ಮಾವನ್ನು ಪೆಟ್ಟಿಗೆಯಲ್ಲಿ ಬೆಂಗಳೂರಿನ ಮನೆಗಳಿಗೆ ತಲುಪಿಸುವ ದಾರಿಯನ್ನು ಈಗಾಗಲೇ ತೋರಿಸಿಕೊಟ್ಟಿದೆ. ಹಾನಗಲ್ಲಿನ ಆಪೂಸು, ಸ್ವಸಹಾಯ ಸಂಘಗಳ ಹಪ್ಪಳ, ಉಪ್ಪಿನಕಾಯಿಯ ಭರಣಿ ಎಲ್ಲವೂ ಆ ದಾರಿ ಹಿಡಿಯಬಲ್ಲವು. ಬಂದ ಪೆಟ್ಟಿಗೆಯ ತಪ್ಪು ಹೋಗುವ ಪೆಟ್ಟಿಗೆಯಲ್ಲಿ ಮರುಕಳಿಸಬಾರದು. ಹಣ್ಣು ತುಂಬಿದ ಪೆಟ್ಟಿಗೆಯನ್ನು ಒಂದು ರಾತ್ರಿ ಮಳೆಯ ಪಡಸಾಲೆಯಲ್ಲಿಟ್ಟು, ಬೆಳಿಗ್ಗೆ ಸೊಂಟದೆತ್ತರದಿಂದ ಮೂಲೆಯ ಮೇಲೆ ಬೀಳುವಂತೆ ಕೈಬಿಟ್ಟು, ಬಿಚ್ಚಿ ನೋಡಿದರೆ ಸಾಕು. ಆ ಪರೀಕ್ಷೆಗೆ ತಗಲುವ ಖರ್ಚು ಹೆಚ್ಚೆಂದರೆ ಒಂದು ಪೆಟ್ಟಿಗೆ ಹಣ್ಣು. ಜಜ್ಜಿದ್ದನ್ನು ಮನೆಯ ಮಕ್ಕಳು ತಿಂದುಕೊಳ್ಳುತ್ತಾರೆ.