ಹದ ನೋಡದ ಸವಾರಿ

ಮಳೆ ನಿಂತ ಮರುದಿನವೇ ದಪ್ಪ ಟೈರಿನ ಸೈಕಲ್ಲುಗಳನ್ನು ಕಾರಿನ ಬೆನ್ನಿಗೆ ಕಟ್ಟಿಕೊಂಡು ತುರಹಳ್ಳಿಯ ಕಡೆಗೋ ದೇವನಹಳ್ಳಿಯಾಚೆಯ ಆವತಿ ಬೆಟ್ಟದ ಕಡೆಗೋ ಹೊರಡುವ ಯುವಕರು ನಮ್ಮ ದೊಮ್ಮಲೂರಿನಲ್ಲೂ ಹೆಚ್ಚಾಗಿದ್ದಾರೆ. ಅವರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳಿದ್ದಾರೆ, ಬಂಧುಗಳ ಮಕ್ಕಳೂ ಇದ್ದಾರೆ. ಆದುದರಿಂದ ದಾಕ್ಷಿಣ್ಯವಿಲ್ಲದೆ ಹೇಳುತ್ತೇನೆ: ಒದ್ದೆಯಾರದ ಕೆಮ್ಮಣ್ಣಿನ ಹಾದಿಗೆ ಚಕ್ರ ಇಳಿಸುವುದು ಆ ಹಾದಿಗೆ ಬಗೆಯುವ ದ್ರೋಹ.

ಲಾಲ್‌ಬಾಗಿನ ಬಂಡೆಯನ್ನು ನೀವೆಲ್ಲರೂ ಹತ್ತಿದ್ದೀರಿ. ಅಂತಹ ನೈಸ್ ಶಿಲೆಯೇ ಯುಗಯುಗಗಳಿಂದ ಶಿಥಿಲಗೊಂಡು ನಮ್ಮ ಮಣ್ಣಾಗಿದೆ. ಅದರಲ್ಲಿ ಬೆಣಚುಕಲ್ಲಿನ ಮರಳುಂಟು, ಜೇಡಿಯುಂಟು. ಕೆಂಪು ಬಣ್ಣ ಕಬ್ಬಿಣದ ಆಕ್ಸೈಡಿನದು. ತುಸುವೇ ತೇವವಿದ್ದಾಗ ಕಣಕಣಗಳ ನಡುವಿನ ನೀರಿನ ಪೊರೆ ಅವನ್ನು ಒಂದಕ್ಕೊಂದು ಹಿಡಿದಿಡುತ್ತದೆ. ನೀರು ತುಂಬಿಹೋದರೆ ಆ ಹಿಡಿತ ಸಡಿಲುತ್ತದೆ. ಪೂರ್ತಿ ಒಣಗಿದರೆ ಮೇಲ್ಪದರ ಹುಡಿಯಾಗುತ್ತದೆ. ಈ ಎರಡರ ನಡುವಿನ ಸ್ಥಿತಿಗೆ ನಮ್ಮ ರೈತರು ಇಟ್ಟ ಹೆಸರು ‘ಹದ’. ಹದ ಬಾರದೆ ಯಾವ ರೈತನೂ ನೇಗಿಲು ಕಟ್ಟುವುದಿಲ್ಲ. ಧಾರವಾಡದ ಎರೆಭೂಮಿ ಮಳೆ ಬಿದ್ದಾಗ ಚಕ್ರಕ್ಕೆ ಮೆತ್ತಿಕೊಂಡು ಸವಾರನನ್ನು ತಾನೇ ನಿಲ್ಲಿಸುತ್ತದೆ. ನಮ್ಮ ಕೆಂಪು ಮಣ್ಣು ಅಷ್ಟು ನಿಷ್ಠುರವಲ್ಲ, ಹೋಗಗೊಡುತ್ತದೆ. ತೊಂದರೆ ಇರುವುದೇ ಅಲ್ಲಿ.

“ಸೈಕಲ್ಲೇನು ಬುಲ್ಡೋಜರೇ ಸಾರ್? ದನಗಳು ನಡೆಯುವುದಿಲ್ಲವೇ, ಮೋಟಾರ್ ಬೈಕುಗಳು ಹೋಗುವುದಿಲ್ಲವೇ?” ಎಂದು ಒಬ್ಬ ಶಿಷ್ಯ ಕೇಳಿದ. ಮೋಟಾರ್ ಬೈಕು ಹೆಚ್ಚು ಕೆಡಿಸುತ್ತದೆ, ಒಪ್ಪಿದೆ. ಆದರೆ ದನದ ಗೊರಸು ಬಿಡಿಬಿಡಿ ಗುಳಿ ಮಾಡುತ್ತದೆ, ಚಕ್ರ ಎಳೆಯುವುದು ಅಖಂಡ ಗೆರೆಯನ್ನು. ಇಳಿಜಾರಿನಲ್ಲಿ ಆ ಗೆರೆಯೇ ಮುಂದಿನ ಮಳೆಯ ಕಾಲುವೆ. ಬ್ರೇಕು ಹಿಡಿದು ಚಕ್ರ ಜಾರಿಸಿದಲ್ಲಿ ಅದು ಇನ್ನಷ್ಟು ಆಳ. ನೀರು ಮೇಲ್ಮಣ್ಣನ್ನು ಹೊತ್ತೊಯ್ದು ನಾಲ್ಕಾರು ಮಳೆಗೆ ಬೇರು ಬಯಲಾದ ಕೊರಕಲು ಉಳಿಯುತ್ತದೆ. ಬಳಿಕ ಬಂದವರು ಕೊರಕಲನ್ನು ತಪ್ಪಿಸಲು ಪಕ್ಕದ ಹುಲ್ಲನ್ನು ತುಳಿಯುತ್ತಾರೆ. ಒಂದಡಿಯ ಕಾಲುದಾರಿ ಬಂಡಿಜಾಡಿನಷ್ಟು ಅಗಲವಾಗುವುದು ಹೀಗೆ.

ನೆರಳಿನ ವಿಚಾರವನ್ನಂತೂ ಯಾರೂ ಗಮನಿಸುವುದೇ ಇಲ್ಲ. ಬಂಡೆಯಿರುವ ಬಯಲು ಭಾಗ ಅರ್ಧ ದಿನದ ಬಿಸಿಲಿಗೆ ಆರುತ್ತದೆ. ಅಲ್ಲಿಂದ ನೂರು ಹೆಜ್ಜೆ ದೂರದಲ್ಲಿ, ದಟ್ಟ ಹೊಂಗೆಯ ಕೆಳಗೆ, ಬಿಸಿಲೂ ಗಾಳಿಯೂ ತಲುಪದೆ ಮೂರನೆಯ ದಿನವೂ ಕೆಸರಿರಬಹುದು. ಹಾಗೆಂದು ನೆರಳನ್ನು ದೂರಬೇಡಿ. ಎಲೆಗಳು ಹನಿಯ ಪೆಟ್ಟನ್ನು ತಗ್ಗಿಸುತ್ತವೆ, ತರಗು ಮಣ್ಣನ್ನು ಮುಚ್ಚುತ್ತದೆ, ಬೇರು ಹಿಡಿದಿಡುತ್ತದೆ. ಮಾರ್ಚ್ ತಿಂಗಳಲ್ಲಿ ಬಯಲು ದಾರಿಯ ಮರಳು ರಾಗಿಕಾಳಿನಂತೆ ಟೈರಿನಡಿ ಉರುಳುವಾಗ ಗಟ್ಟಿಯಾಗಿ ಉಳಿದಿರುವುದು ನೆರಳಿನ ಹಾದಿಯೇ.

ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ, ಸೆಪ್ಟೆಂಬರಿನಲ್ಲಿಯೇ ಹೆಚ್ಚು. ಕಾದ ನೆಲದ ಮೇಲೆ ಬಿದ್ದ ಹಗುರ ಭರಣಿ ಮಳೆ ಹಾದಿಯನ್ನು ಹದಗೊಳಿಸುತ್ತದೆ, ಹೊರಡಲು ಅದೇ ಸಕಾಲ. ಹಸ್ತ, ಚಿತ್ತೆಯ ಹೊತ್ತಿಗೆ ನೆಲ ಆಗಲೇ ನೀರು ಕುಡಿದು ತಣಿದಿರುತ್ತದೆ, ಮೋಡದಿಂದ ಬಿಸಿಲೂ ಕಡಿಮೆ. ಆಗ ದೊಮ್ಮಲೂರಿನ ಮಹಡಿಯಿಂದ ಆಕಾಶ ನೋಡಿ ತುರಹಳ್ಳಿಯ ನೆಲವನ್ನು ಊಹಿಸುವುದು ಮೌಢ್ಯ. ಈ ಊರಿನಲ್ಲಿ ಒಂದು ಬಡಾವಣೆ ತೊಯ್ದರೆ ಇನ್ನೊಂದು ಒಣಗಿರುತ್ತದೆ!

ಹಾದಿ ಕೆಟ್ಟರೆ ಕಾಂಕ್ರೀಟ್ ಇಟ್ಟಿಗೆ ಹಾಸಿಬಿಡಿ ಎನ್ನುವವರೂ ಇದ್ದಾರೆ. ಇಟ್ಟಿಗೆ ಹಾಸಿದ ಮೇಲೆ ಅದು ಕಾಡುಹಾದಿಯೇ? 2021ರಲ್ಲಿ ತುರಹಳ್ಳಿಯನ್ನು ವೃಕ್ಷೋದ್ಯಾನವಾಗಿಸುವ ಯೋಜನೆ ಬಂದಾಗ ಕಾಡು ಕಾಡಾಗಿಯೇ ಇರಲಿ ಎಂದು ಜನ ಬೀದಿಗಿಳಿದರು. ಹಾಗೆ ಬೇಡಿದ ಮೇಲೆ ಕಾಡಿನ ಕಟ್ಟಳೆಗೂ ತಲೆಬಾಗಬೇಕು. ಅರಣ್ಯ ಇಲಾಖೆಯ ಅನುಮತಿ ಮೊದಲ ಮಾತು, ಮಣ್ಣಿನ ಅನುಮತಿ ಎರಡನೆಯದು.

ಅದನ್ನು ಕೇಳುವ ಬಗೆ ಸುಲಭ. ನೆರಳಿನ ಜಾಗದಿಂದಲೇ ಒಂದು ಹಿಡಿ ಮಣ್ಣು ತೆಗೆದು ಉಂಡೆ ಕಟ್ಟಿ, ಸೊಂಟದೆತ್ತರದಿಂದ ಬಿಡಿ. ಒಡೆದು ಚದುರಿದರೆ ಹೋಗಿ. ಮುದ್ದೆಯಾಗಿಯೇ ಕುಳಿತರೆ ಸೈಕಲ್ಲನ್ನು ಮತ್ತೆ ಕಾರಿಗೆ ಕಟ್ಟಿ, ಟಾರು ರಸ್ತೆ ಹಿಡಿಯಿರಿ.